ಹೇಳದ ಬೇಡಿಕೆ

ಶುಕ್ರವಾರ ಬೆಳಗ್ಗೆ ಡುವೇನ್ ರುಪರ್ಟ್ ಎಂಬವನು ಸರೋವರದ ದಂಡೆಯ ಒಂದು ಬೇಸಿಗೆಮನೆಗೆ ಹೋಗಿ, ಬಾಗಿಲು ತೆಗೆದ ತನ್ನ ಹೆಂಡತಿ ನೋರೀನಳ ಬಲಗೈ ಮುರಿದ. ಅವಳು ಅಲ್ಲಿದ್ದಾಳೆಂದು ಅವನಿಗೆ ತಿಳಿಸಿದವರು ಅವಳಿಗಾಗಿ ಪ್ರಾರ್ಥಿಸುತ್ತಿದ್ದವರು.

ಸುದ್ದಿ ಬಂದಾಗ ವರ್ಲಿನ್ ಗೋಶರ್ಟ್ ಶಾಲೆಯ ಜಿಮ್‌ನಲ್ಲಿ ಬೆಂಚಿನ ಮೇಲೆ ಕೂತು ಚೆಂಡಿಗೆ ಗಾಳಿ ಹೊಡೆಯುತ್ತಿದ್ದ. ಮರುದಿನ ಜಿಲ್ಲೆಯ ಅಂತಿಮ ಪಂದ್ಯ. ಹುಡುಗಿಯರ ತಂಡಕ್ಕೆ ಕೋಚ್ ಆಗಿಯೇ ಅವನ ತಲೆ ನರೆತಿತ್ತು. ಬೆಳಗ್ಗೆ ಬೈಬಲ್ ಪಾಠ, ಮಧ್ಯಾಹ್ನದ ಮೇಲೆ ಬ್ಯಾಸ್ಕೆಟ್‌ಬಾಲ್, ಬೇರೆ ಊರಲ್ಲಿ ಪಂದ್ಯವಿದ್ದರೆ ಶಾಲೆಯ ಬಸ್ಸು ಓಡಿಸುವವನೂ ಅವನೇ. ಇಂಡಿಯಾನಾದ ಆ ಕಡೆಯಲ್ಲಿ ಜೋಳದ ಹೊಲ ಬೋಳಾದ ಮೇಲೆ ಜನಕ್ಕೆ ಉಳಿಯುವುದು ಎರಡೇ: ಚರ್ಚಿನ ಸಭೆಯ ಆರಾಧನೆ, ಈ ಆಟ. ಎರಡೂ ಒಂದೇ ಕಟ್ಟಡದಲ್ಲಿ ನಡೆಯುತ್ತಿದ್ದವು.

ಬಂದವಳು ಶಾಲೆಯ ಕಚೇರಿಯ ಓಪಲ್. ಸ್ವೆಟರಿನ ತೋಳಿನೊಳಗೆ ಕೈ ಎಳೆದುಕೊಂಡು ಬಾಗಿಲಲ್ಲೇ ನಿಂತಳು.

"ಕೋಚ್, ನೋರೀನ್ ಆಸ್ಪತ್ರೇಲಿದಾಳೆ. ಕೈ ಮುರಿದಿದೆಯಂತೆ."

"ಜಾರಿಬಿದ್ಲಾ?"

"ಮೆಟ್ಟಿಲ ಮೇಲೆ ಹಿಮ ಇತ್ತು, ಜಾರಿದೆ ಅಂತ ಬರೆಸಿದಾಳೆ. ಪಾಸ್ಟರ್ ಹೆಂಡತಿ ಪಕ್ಕದಲ್ಲೇ ಕೂತಿದಾರೆ."

"ಪಾಪ. ಆ ಮೆಟ್ಟಿಲು..."

"ಡುವೇನ್ ಹೋಗಿದ್ನಂತೆ ಅಲ್ಲಿಗೆ."

ವರ್ಲಿನ್‌ನ ಕೈ ಪಂಪನ್ನು ಒತ್ತುತ್ತಲೇ ಇತ್ತು. "ಅವನಿಗೆ ಹೇಗೆ ಗೊತ್ತಾಯ್ತು?"

ಓಪಲ್ ಗೋಡೆ ನೋಡಿದಳು, ನೆಲ ನೋಡಿದಳು. "ನಾನೇ ಫೋನ್ ಮಾಡಿದ್ದು. ಪ್ರಾರ್ಥನೆ ಸರಪಳೀಲಿ ಬೇಡಿಕೆ ಮನೆಯಿಂದ ಮನೆಗೆ ಫೋನಲ್ಲಿ ಹೋಗುತ್ತಲ್ವಾ, ನನ್ನ ಮನೆ ಆದ್ಮೇಲೆ ಬರೋದು ಅವನ ಮನೇನೇ. ಸಭೆ ಹಿರಿಯ ಬೇರೆ. ಅವನನ್ನ ಹಾರಿಸಿ ಮುಂದಿನ ಮನೆಗೆ ಮಾಡಿದ್ರೆ, ಓಪಲ್ ನನ್ನ ಮೇಲೆ ಏನೋ ಇಟ್ಕೊಂಡಿದಾಳೆ ಅಂತ ಅಂದ್ಕೋತಾನೆ. ಅದಕ್ಕೇ ಮಾಡಿದೆ."

"ಏನು ಹೇಳಿದೆ ಅವನಿಗೆ?"

"ನೀವು ಬುಧವಾರದ ಸಭೇಲಿ ಏನು ಹೇಳಿದ್ರೋ ಅದನ್ನೇ. ಒಂದು ಮಾತು ಸೇರಿಸ್ಲಿಲ್ಲ ಕೋಚ್. ಒಂದು ಮಾತು ಬಿಡ್ಲೂ ಇಲ್ಲ."

ತೊಡೆಯ ಮೇಲಿದ್ದ ಚೆಂಡು ಕಲ್ಲಿನಂತಾಗಿತ್ತು. ಅದನ್ನು ಒತ್ತಿ ನೋಡಿದ. ಬೆರಳಿಗೆ ನೋವಾಯಿತು. ಅದಕ್ಕಿಂತ ಹೆಚ್ಚಿನದೇನೂ ಆ ಹೊತ್ತಿಗೆ ಅವನೊಳಗೆ ಇಳಿಯಲಿಲ್ಲ.

ಆ ಸಭೆಯಲ್ಲಿ ಒಂದು ಹಳೆಯ ಪದ್ಧತಿಯಿತ್ತು. ಪ್ರಾರ್ಥನೆಗೆ ಮೊದಲು ಪ್ರತಿಯೊಬ್ಬರೂ ತಮ್ಮ ಬೇಡಿಕೆ ಹೇಳಬೇಕು: ಅತ್ತೆಯ ಮಂಡಿನೋವು, ತಮ್ಮನ ಕೆಲಸ, ಹೊಲ ಮಾರುವ ವಿಷಯ. ಬಾಯಿಬಿಟ್ಟು ಹೇಳಲಾಗದ್ದು ಏನಾದರೂ ಇದ್ದರೆ ಕೈ ಎತ್ತಿ "ಹೇಳದ್ದು" ಎಂದರೆ ಸಾಕು. ಯಾರೂ ಏನು, ಎತ್ತ ಎಂದು ಕೇಳುತ್ತಿರಲಿಲ್ಲ. ಪ್ರಾರ್ಥನೆ ನಡೆಸುವವನು "ಕರ್ತನಿಗೆ ಗೊತ್ತು" ಎಂದು ಮುಂದಕ್ಕೆ ಹೋಗುತ್ತಿದ್ದ. ಕುಡಿಯುವ ಗಂಡ, ಜೈಲಿನಲ್ಲಿದ್ದ ಮಗ, ಬಸುರಾದ ಮಗಳು ಇದ್ದವರೆಲ್ಲರೂ ಈ ಒಂದು ಪದದ ಮರೆಯಲ್ಲಿ ಮಾನ ಉಳಿಸಿಕೊಂಡು ಕೂತಿದ್ದರು. ಆ ಸಭೆಯಲ್ಲಿ ಮನುಷ್ಯರಿಗಾಗಿ ಮಾಡಿದ ನಿಯಮ ಬಹುಶಃ ಅದೊಂದೇ.

ವರ್ಲಿನ್ ತನ್ನ ತಂಡದಲ್ಲಿ ಅದನ್ನು ಕಿತ್ತುಹಾಕಿದ್ದ.

ಅವನ ಆಟದ ಜೀವವೇ ಮಾತು. ಎದುರು ತಂಡದವಳೊಬ್ಬಳು ಸದ್ದಿಲ್ಲದೆ ಬಂದು ನಿನ್ನ ಬೆನ್ನ ಹಿಂದೆ ಗೋಡೆಯಂತೆ ನಿಲ್ಲುತ್ತಾಳೆ. ಚೆಂಡಿನ ಮೇಲೆ ಕಣ್ಣಿಟ್ಟು ಹಿಂದಕ್ಕೆ ಸರಿಯುವ ನೀನು ಅವಳಿಗೆ ಬಡಿದು ಬೀಳುತ್ತೀಯ. ಅವಳು ಕಾಣುವುದು ನಿನಗಲ್ಲ, ನಿನ್ನ ಜೊತೆಯವಳಿಗೆ. ಜೊತೆಯವಳು ಕೂಗಬೇಕು. ಕೂಗದಿದ್ದರೆ ಬೀಳುವವಳು ನೀನು. "ಬಾಯಿ ಮುಚ್ಕೊಂಡು ಆಡೋರು ಜೊತೆಯವರನ್ನ ಕೊಲ್ತಾರೆ, ಮಾತಾಡಿ" ಎಂದು ಅವನು ಗಂಟಲು ಹರಿದುಕೊಳ್ಳುತ್ತಿದ್ದ. ಅಭ್ಯಾಸ ಮುಗಿದ ಮೇಲೆ ಅಂಕಣದ ನಡುವೆ ಕೈ ಕೈ ಹಿಡಿದು ವೃತ್ತವಾಗಿ ನಿಂತಾಗಲೂ ಅದೇ ಪಾಠ: "ನಮ್ಮ ವೃತ್ತದಲ್ಲಿ ಹೇಳದ್ದು ಅನ್ನೋದು ಇಲ್ಲ. ಇಲ್ಲಿ ಎಲ್ಲ ಹೇಳ್ತೀವಿ." ಇದನ್ನು ಅವನು ಬೇರೆ ಕೋಚ್‌ಗಳ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ನನ್ನ ಹುಡುಗಿಯರು ನನ್ನಿಂದ ಏನನ್ನೂ ಮುಚ್ಚಿಡುವುದಿಲ್ಲ.

ಕೋರಿ ರುಪರ್ಟ್ ಮಾತ್ರ ಮುಚ್ಚಿಡುತ್ತಿದ್ದಳು. ಹದಿನೇಳರ ಹುಡುಗಿ, ಡುವೇನನ ಒಬ್ಬಳೇ ಮಗಳು. ಅಂಕಣದಲ್ಲಿ ಅವಳ ಗಂಟಲು ಪಾರ್ಕಿಂಗ್ ಜಾಗದವರೆಗೂ ಕೇಳುತ್ತಿತ್ತು. ವೃತ್ತಕ್ಕೆ ಬಂದರೆ ಕೈ ಎತ್ತಿ "ಹೇಳದ್ದು" ಎಂದು ನೆಲ ನೋಡುತ್ತಿದ್ದಳು. ಮೂರು ವರ್ಷ ಹಾಗೇ ನಡೆಯಿತು. ವರ್ಲಿನ್ ಗದರಿದ, ನಕ್ಕ, ಬಿಟ್ಟ.

ಆ ಸೋಮವಾರ ಅವನು ಬಿಡಲಿಲ್ಲ.

ಮೊದಲು ಒಂಬತ್ತನೆಯ ತರಗತಿಯ ಶೈಲೋ ಹೇಳಿದ್ದಳು: ಅವಳ ಹ್ಯಾಮ್‌ಸ್ಟರ್ ಇಲಿ ಊಟ ಬಿಟ್ಟಿದೆ, ಅದಕ್ಕಾಗಿ ಪ್ರಾರ್ಥಿಸಬೇಕು.

"ಹೋದ ವಾರ ಸತ್ತಿದ್ದು ಅದೇ ಅಲ್ವೇನೇ?" ಎಂದಳು ಪಕ್ಕದ ಮಾರ್ಲಾ.

"ಅದು ಇದರ ಅಣ್ಣ."

ನಗು ಇಳಿದ ಮೇಲೆ ಕೋರಿಯ ಸರದಿ. ಕೈ ಎತ್ತಿದಳು. "ಹೇಳದ್ದು."

"ಇಲ್ಲ ಮಗಳೇ," ಎಂದ ವರ್ಲಿನ್. "ಇವತ್ತು ಅದು ನಡಿಯಲ್ಲ. ನಾಯಕಿ ನೀನು. ಇವರ ಹಿಂದೆ ಯಾರು ನಿಂತಿದಾರೆ ಅಂತ ನೀನು ಕೂಗ್ತೀಯ. ನಿನ್ನ ಹಿಂದೆ ಯಾರು ನಿಂತಿದಾರೆ ಅಂತ ಇವರಿಗೆ ಹೇಳ್ದೆ ಇದ್ರೆ ಹೇಗೆ ಕೂಗ್ತಾರೆ?"

ಕೋರಿ ಎತ್ತಿದ ಕೈ ಇಳಿಸಿದಳು. ಆಮೇಲೆ ಪಾಠ ಒಪ್ಪಿಸುವವಳಂತೆ ಹೇಳಿದಳು: "ನಾನೂ ಅಮ್ಮನೂ ಮನೆ ಬಿಟ್ಟು ಬಂದಿದೀವಿ. ಸರೋವರದ ಹತ್ರ ಒಂದು ಬೇಸಿಗೆಮನೇಲಿದೀವಿ. ನೀರಿನ ಪೈಪು ಹೆಪ್ಪುಗಟ್ಟಬಾರ್ದು. ಅಪ್ಪನಿಗೆ ಗೊತ್ತಾಗಬಾರ್ದು. ಅಷ್ಟೇ."

ವರ್ಲಿನ್‌ನ ಕಣ್ಣು ತೇವವಾಯಿತು. ಹುಡುಗಿ ಕೊನೆಗೂ ಬಾಯಿಬಿಟ್ಟಳಲ್ಲ ಎಂಬ ಸಂತೋಷ ಅದು. ಅವಳು ಹೇಳಿದ್ದರಲ್ಲಿ ಅವನು ಕೇಳಿಸಿಕೊಂಡದ್ದು ತನ್ನ ಗೆಲುವನ್ನು ಮಾತ್ರ.

ನೋರೀನಳ ಕುತ್ತಿಗೆಯ ಸುತ್ತ ಬೇಸಿಗೆಯಲ್ಲೂ ಇರುತ್ತಿದ್ದ ವಸ್ತ್ರ ಅವನ ಕಣ್ಣಿಗೆ ಬಿದ್ದಿರಲಿಲ್ಲವೆ? ಬಿದ್ದಿತ್ತು. ಸಭೆಯಲ್ಲಿ ಎಲ್ಲರ ಕಣ್ಣಿಗೂ ಬಿದ್ದಿತ್ತು. ಆದರೆ ಈ ಜಿಮ್‌ನ ಮರದ ನೆಲ ಹಾಕಿಕೊಟ್ಟವನು ಡುವೇನ್. ಒಂದು ಬೇಸಿಗೆಯಿಡೀ ಮೊಣಕಾಲ ಮೇಲೆ ಕೂತು, ಕೂಲಿ ತೆಗೆದುಕೊಳ್ಳದೆ, ಹಲಗೆಗೆ ಹಲಗೆ ಕೂಡಿಸಿದ್ದ. ಅಂಥ ನೆಲದ ಮೇಲೆ ದಿನವೂ ನಿಲ್ಲುವವರಿಗೆ ಹೆಂಗಸೊಬ್ಬಳ ಕುತ್ತಿಗೆ ಕಾಣಬೇಕಾದರೆ ತಲೆ ಬಹಳ ಎತ್ತಬೇಕಾಗುತ್ತದೆ.

ಬುಧವಾರ ಸಂಜೆಯ ಪ್ರಾರ್ಥನಾ ಸಭೆಯಲ್ಲಿ ಅವನು ಎದ್ದು ನಿಂತ. ಡುವೇನ್ ಬಂದಿಲ್ಲವೆಂದು ನೋಡಿಕೊಂಡೇ ಎದ್ದ. ಅಷ್ಟು ಎಚ್ಚರ ಅವನಿಗಿತ್ತು, ಆ ಎಚ್ಚರದ ಬಗ್ಗೆ ತೃಪ್ತಿಯೂ ಇತ್ತು. "ಹೆಸರು ಹೇಳಲ್ಲ. ಒಬ್ಬ ತಾಯಿ, ಒಬ್ಬ ಮಗಳು. ಈ ಚಳೀಲಿ ಸರೋವರದ ಹತ್ರ ಬೇಸಿಗೆಮನೇಲಿದಾರೆ. ಪೈಪು ಹೆಪ್ಪುಗಟ್ಟದೆ ಇರಲಿ, ಆ ಸಂಸಾರ ಮತ್ತೆ ಒಂದಾಗಲಿ ಅಂತ ಬೇಡ್ಕೊಳ್ಳಿ." ಜನ ತಲೆಯಾಡಿಸಿದರು. ಕೆಲವು ಹೆಂಗಸರು ಕಣ್ಣೊರೆಸಿಕೊಂಡರು. ಭಾನುವಾರ ಯಾರ ಜಾಗ ಖಾಲಿಯಿತ್ತೆಂದು ಎಲ್ಲರಿಗೂ ಗೊತ್ತು. ಚಳಿಗಾಲದಲ್ಲಿ ಆ ದಂಡೆಯ ಮನೆಗಳಿಗೆಲ್ಲ ಬೀಗ. ಹೊಗೆ ಏಳುವ ಮನೆ ಒಂದೇ ಇರುತ್ತದೆಂಬುದೂ ಎಲ್ಲರಿಗೂ ಗೊತ್ತು. ಸಭೆಗೆ ಬಾರದವರಿಗೆ ಗುರುವಾರ ಬೇಡಿಕೆ ಫೋನಿನಲ್ಲಿ ಮನೆಯಿಂದ ಮನೆಗೆ ಹೋಯಿತು. ಓಪಲ್‌ಳಿಂದ ಡುವೇನನಿಗೆ ಹೋಯಿತು. ನಿನ್ನ ಹೆಂಡತಿಗಾಗಿ ಪ್ರಾರ್ಥಿಸು ಎಂದು ಡುವೇನನಿಗೆ ವಿಳಾಸ ಕೊಟ್ಟರು.

ಆಸ್ಪತ್ರೆಯಲ್ಲಿ ಕೋರಿ ಕಾರಿಡಾರಿನ ಕಿಟಕಿಯ ಬಳಿ ನಿಂತಿದ್ದಳು. ಆ ಬೆಳಗ್ಗೆ ಒಬ್ಬಳೇ ಬುಟ್ಟಿಗೆ ಚೆಂಡೆಸೆಯುವ ಅಭ್ಯಾಸ ಮಾಡಲೆಂದು ಬೇಗ ಶಾಲೆಗೆ ಹೋಗಿದ್ದರಿಂದ ಅವಳು ಆ ಮನೆಯಲ್ಲಿರಲಿಲ್ಲ. ಮೈಮೇಲೆ ಇನ್ನೂ ಅಭ್ಯಾಸದ ಬಟ್ಟೆಯೇ ಇತ್ತು. ವರ್ಲಿನ್ ಹತ್ತಿರ ಹೋಗಿ ಅವಳ ಭುಜ ಮುಟ್ಟಲು ಕೈ ಚಾಚಿದ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಕೋರಿ..."

"ನಾನು ದೇವರ ಹತ್ರ ಹೇಳಿದ್ದೆ ಕೋಚ್. ನೀವು ಯಾರ ಹತ್ರ ಹೇಳಿದ್ರಿ?"

"ಪ್ರಾರ್ಥನೆ ಮಾಡ್ಲಿ ಅಂತ. ಎಲ್ರೂ ಸೇರಿ..."

"ಮೂರು ವರ್ಷ ಹೇಳದ್ದು ಅಂದೆ. ಮೂರು ವರ್ಷ ಅಮ್ಮನ ಮೂಳೆ ಮುರೀಲಿಲ್ಲ."

ಅವಳು ಅಳುತ್ತಿರಲಿಲ್ಲ, ಗದರುತ್ತಲೂ ಇರಲಿಲ್ಲ. ಪಂದ್ಯದ ವಿರಾಮದಲ್ಲಿ ಎದುರು ತಂಡದ ಲೆಕ್ಕ ಒಪ್ಪಿಸುವ ಅದೇ ದನಿ. ಆಟ ಕಲಿಸಿದಷ್ಟು ಕಾಲವೂ ಮಾತಾಡಿ ಮಾತಾಡಿ ಎಂದವನು ಚಾಚಿದ ಕೈಯನ್ನು ಜೇಬಿಗೆ ಹಾಕಿ ನೋರೀನಳ ಕೋಣೆಯ ಕಡೆ ತಿರುಗಿದ.

ಒಳಗೆ ನೋರೀನಳ ಹಾಸಿಗೆಯ ಪಕ್ಕದಲ್ಲಿ ಪಾಸ್ಟರನ ಹೆಂಡತಿ ಕೀರ್ತನೆಯ ಪುಸ್ತಕ ಹಿಡಿದು ಕೂತಿದ್ದಳು. ನರ್ಸು ಬಂದಾಗಲೆಲ್ಲ ಆಕೆಯೇ ಮೊದಲು ಹೇಳುತ್ತಿದ್ದಳು, "ಮೆಟ್ಟಿಲ ಮೇಲೆ ಹಿಮ ನೋಡಿ." ನೋರೀನ್ ಛಾವಣಿ ನೋಡುತ್ತಿದ್ದಳು.

ಮಧ್ಯಾಹ್ನ ಪಾಸ್ಟರ್ ವೆಂಡೆಲ್ ಕ್ರೌಚ್ ವರ್ಲಿನ್‌ನನ್ನು ತನ್ನ ಕೋಣೆಗೆ ಕರೆಸಿದ. ಸಭೆಗೂ ಶಾಲೆಗೂ ಒಬ್ಬನೇ ಯಜಮಾನ. ದನಿ ಎತ್ತುವವನಲ್ಲ. ಮೇಜಿನ ಮೇಲೆ ಪುದೀನಾ ಮಿಠಾಯಿಯ ಬಟ್ಟಲು ಇಟ್ಟಿರುತ್ತಿದ್ದ. ಬಂದವರಿಗೆ ಮೊದಲು ಅದನ್ನು ತಳ್ಳಿ ಆಮೇಲೆ ಮಾತು.

"ಕೂತ್ಕೋ ವರ್ಲಿನ್. ಡುವೇನ್ ಈ ಕಾರ್ಪೆಟ್ ಮೇಲೇ ಮೊಣಕಾಲೂರಿ ಅತ್ತ. ನಾನು ಇಷ್ಟು ವರ್ಷದಲ್ಲಿ ಅಂಥಾ ಪಶ್ಚಾತ್ತಾಪ ನೋಡಿಲ್ಲ."

"ಪೊಲೀಸರ ಮುಂದೆ ಅತ್ನಾ?"

"ವಿಶ್ವಾಸಿಗಳ ಮಧ್ಯದ ಜಗಳಾನ ಕೋರ್ಟಿಗೆ ಒಯ್ಯೋದು ನಮ್ಮ ಪದ್ಧತಿ ಅಲ್ಲ. ನಿನಗೆ ಗೊತ್ತಿರೋದೇ." ಬಟ್ಟಲು ಇನ್ನಷ್ಟು ಹತ್ತಿರ ಬಂತು. "ಕೋರಿ ಆಸ್ಪತ್ರೆಯಿಂದ ಹೋಗಿಬಿಟ್ಟಿದಾಳೆ. ನಿನ್ನ ಹುಡುಗೀರಲ್ಲೇ ಯಾರೋ ಮನೇಲಿಟ್ಕೊಂಡಿದಾರೆ. ಅವಳು ಅಪ್ಪನ ಮನೆಗೆ ಹೋಗ್ಬೇಕು. ಮಗಳು ಅಲ್ಲಿದ್ರೆ ತಾಯಿ ತಾನಾಗೇ ಬರ್ತಾಳೆ. ಸಂಸಾರ ಉಳಿಯುತ್ತೆ."

ವರ್ಲಿನ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಾಯಿಯನ್ನು ಗೂಡಿಗೆ ಕರೆಯುವಾಗ ಮರಿಯನ್ನು ಮೊದಲು ಒಳಗೆ ಬಿಡುತ್ತಾರೆ. ಅವನ ತಂದೆ ಹಾಗೆ ಮಾಡುವುದನ್ನು ನೋಡಿದ್ದ.

"ನೀನು ಕೇಳಿದ್ರೆ ಅವರು ಹೇಳ್ತಾರೆ," ಎಂದ ಪಾಸ್ಟರ್. "ನಿನ್ನಿಂದ ಏನೂ ಮುಚ್ಚಿಡಲ್ಲ ಅಂತ ನೀನೇ ಹೇಳ್ತಿರ್ತೀಯಲ್ಲ."

"ನೋಡ್ತೀನಿ ಪಾಸ್ಟರ್," ಎಂದ ವರ್ಲಿನ್. ಆ ಕೋಣೆಯಲ್ಲಿ ಅವನು ಅದುವರೆಗೆ ಬೇರೆ ಉತ್ತರ ಕೊಟ್ಟವನಲ್ಲ. ಹೊರಗೆ ಬಂದಾಗ ಅಂಗೈಯಲ್ಲಿ ಮಿಠಾಯಿಯಿತ್ತು. ಯಾವಾಗ ತೆಗೆದುಕೊಂಡನೋ ತಿಳಿಯದು.

ಶನಿವಾರ ಮಧ್ಯಾಹ್ನದ ಪಂದ್ಯಕ್ಕೆ ಜಿಮ್ ತುಂಬಿತ್ತು. ಬಾಗಿಲ ಬಳಿ ತಾಯಂದಿರು ಪಾಪ್‌ಕಾರ್ನ್ ಮಾರುತ್ತಿದ್ದರು. ಕೋರಿಯ ಜಾಗದಲ್ಲಿ ಶೈಲೋಳನ್ನು ಇಳಿಸಿದ. ದೊಡ್ಡ ಅಂಗಿಯೊಳಗೆ ಆ ಹುಡುಗಿ ಗಾಳಿಗೆ ಸಿಕ್ಕ ಬಟ್ಟೆಯಂತೆ ಓಡಾಡುತ್ತಿದ್ದಳು. ಮೊದಲ ಕೆಲವು ನಿಮಿಷದಲ್ಲೇ ಎದುರಾಳಿಯೊಬ್ಬಳು ಬಂದು ಮಾರ್ಲಾಳ ಬೆನ್ನ ಹಿಂದೆ ನಿಂತಳು. ಕೂಗುವವರಿಲ್ಲ. ಮಾರ್ಲಾ ಬಡಿದು ಬಿದ್ದಳು. 'ಮಾತಾಡಿ' ಎಂದು ಕೂಗಲು ವರ್ಲಿನ್ ಎದ್ದು ಬಾಯಿ ತೆರೆದ. ಅಂಕಣದಲ್ಲಿದ್ದ ಅಷ್ಟೂ ಹುಡುಗಿಯರು ಅವನ ಬಾಯಿಯನ್ನೇ ನೋಡುತ್ತಿದ್ದರು. ಅವನು ಕೂತ. ಪಂದ್ಯ ಮುಗಿಯುವವರೆಗೆ ಏಳಲಿಲ್ಲ.

"ಕೋಚ್‌ಗೆ ಹುಷಾರಿಲ್ವೇನೋ," ಎಂದರು ಹಿಂದಿನ ಸಾಲಿನಲ್ಲಿ ಯಾರೋ.

"ಆ ರುಪರ್ಟ್ ಹುಡುಗಿ ಇಲ್ದೆ ಆಟ ಎಲ್ಲಿ ಬರುತ್ತೆ? ಇಂಥ ದಿನವೇ ಮನೆ ಬಿಟ್ಟು ಓಡಬೇಕಿತ್ತಾ ತಾಯಿ ಮಗಳು?"

"ಸೀಸನ್ ಮುಗೀಲಿ ಅಂತ ಕಾಯಬಹುದಿತ್ತು."

ಈ ಮಾತು ಆಡಿದವಳು ಕೆಟ್ಟ ಹೆಂಗಸಲ್ಲ. ಅವಳೇ ಬೆಳಗ್ಗೆ ನೋರೀನಳಿಗೆಂದು ಕೋಳಿಮಾಂಸದ ಸಾರು ಆಸ್ಪತ್ರೆಗೆ ಕಳುಹಿಸಿದ್ದಳು. ವರ್ಲಿನ್‌ನನ್ನು ಹೆದರಿಸಿದ್ದು ಅದೇ: ಸಾರು ಮಾಡಿದವರೂ ಇವರೇ, ಕಣ್ಣೊರೆಸಿಕೊಂಡವರೂ ಇವರೇ, ವಿಳಾಸ ಮುಟ್ಟಿಸಿದವರೂ ಇವರೇ. ಅವರಲ್ಲಿ ಮೊದಲನೆಯವನು ತಾನು.

ಸೋತರು. ಚೆನ್ನಾಗಿಯೇ ಸೋತರು. ಎದುರು ತಂಡ ಟ್ರೋಫಿ ಎತ್ತಿಕೊಂಡು ಹೋಯಿತು, ಜನ ಮೆಟ್ಟಿಲಿಳಿದು ಕರಗಿದರು. ಹುಡುಗಿಯರು ಬೆವರು ಆರದ ಮೈಯಲ್ಲೇ ಅಂಕಣದ ನಡುವೆ ವೃತ್ತವಾಗಿ ನಿಂತರು. ಗೆದ್ದರೂ ಸೋತರೂ ವೃತ್ತ ತಪ್ಪುವಂತಿಲ್ಲ. ವರ್ಲಿನ್ ಶೈಲೋಳ ಪಕ್ಕದಲ್ಲಿ ನಿಂತ. ಅವಳ ಕೈ ಐಸಿನಂತಿತ್ತು.

ಪಾಸ್ಟರ್ ಕ್ರೌಚ್ ವೇದಿಕೆಯ ಕಡೆಯಿಂದ ಇಳಿದು ಬಂದ. ಮಾರ್ಲಾಳ ಕೈ ಬಿಡಿಸಿ, ಅವಳಿಗೂ ಇನ್ನೊಬ್ಬಳಿಗೂ ನಡುವೆ ಸೇರಿಕೊಂಡ. ಅವನ ಹಿಂದೆ ಬಾಗಿಲ ಬಳಿ ಡುವೇನ್ ನಿಂತಿದ್ದ. ಭಾನುವಾರದ ಕೋಟು. ನೀಟಾಗಿ ಬಾಚಿದ ತಲೆ. ಮರದ ನೆಲಕ್ಕೆ ಗೀರು ಬೀಳಬಾರದೆಂದು ಬೂಟು ಬಿಚ್ಚಿ ಒಂದು ಕೈಯಲ್ಲಿ ಜೋಡಿಯಾಗಿ ಹಿಡಿದಿದ್ದ. ಬರೀ ಕಾಲ್ಚೀಲದಲ್ಲಿ ಮೆತ್ತಗೆ ನಿಂತಿದ್ದ.

ವರ್ಲಿನ್‌ನ ಕಣ್ಣು ಆ ಬೂಟುಗಳನ್ನು ಬಿಟ್ಟು ಕದಲಲಿಲ್ಲ. ಈ ಹಲಗೆಗಳ ಬಗ್ಗೆ ಇಷ್ಟು ಅಕ್ಕರೆ. ಒಂದು ಹಲಗೆಗೂ ನೋವಾಗಬಾರದು.

"ಮಕ್ಕಳೇ," ಎಂದ ಪಾಸ್ಟರ್, "ನೀವು ಚೆನ್ನಾಗಿ ಆಡಿದ್ರಿ. ಆಟಕ್ಕಿಂತ ದೊಡ್ಡ ವಿಷಯ ಒಂದಿದೆ. ಒಬ್ಬ ತಂದೆ ಮಗಳನ್ನ ಹುಡುಕ್ತಿದಾನೆ. ತಪ್ಪಾಯ್ತು ಅಂತ ದೇವರ ಮುಂದೆ ಒಪ್ಪಿಕೊಂಡಿದಾನೆ. ಕೋರಿ ಎಲ್ಲಿದಾಳೆ ಅಂತ ನಿಮ್ಮಲ್ಲಿ ಒಬ್ಬರಿಗೆ ಗೊತ್ತು. ಬೈಯೋದಕ್ಕೆ ಕೇಳ್ತಿಲ್ಲ, ಪ್ರಾರ್ಥನೆಗೆ ಕೇಳ್ತಿದೀನಿ. ನಿಮ್ಮ ವೃತ್ತದಲ್ಲಿ ಹೇಳದ್ದು ಅನ್ನೋದು ಇಲ್ಲ, ಅಲ್ವಾ?"

ಪಾಪ್‌ಕಾರ್ನ್ ಯಂತ್ರ ಆರುತ್ತ ಎಲ್ಲೋ ಟಿಕ್ಕೆಂದಿತು.

"ಮಾರ್ಲಾ?"

"ನನಗೆ ಗೊತ್ತಿಲ್ಲ ಪಾಸ್ಟರ್." ಅದು ನಿಜವೆಂದು ಅವಳ ಮುಖವೇ ಹೇಳುತ್ತಿತ್ತು.

ಪಾಸ್ಟರ್ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದು ಶೈಲೋಳ ಹತ್ತಿರ ನಿಂತ. ವರ್ಲಿನ್‌ನ ಅಂಗೈಯಲ್ಲಿದ್ದ ಆ ತಣ್ಣನೆಯ ಕೈ ಅವನ ಬೆರಳನ್ನು ಬಿಗಿಯಾಗಿ ಹಿಡಿಯಿತು. ಆಗ ಅವನಿಗೆ ತಿಳಿಯಿತು, ಕೋರಿ ಯಾರ ಮನೆಯಲ್ಲಿದ್ದಾಳೆಂದು. ಸತ್ತ ಹ್ಯಾಮ್‌ಸ್ಟರಿನ ತಮ್ಮನ ಗೂಡಿದ್ದ ಮನೆ.

"ಶೈಲೋ, ಮಗೂ," ಎಂದ ಪಾಸ್ಟರ್, ಮಿಠಾಯಿಯ ದನಿಯಲ್ಲಿ. "ನಿನ್ನ ಮನಸ್ಸಿನ ಮೇಲೆ ಏನೋ ಭಾರ ಇದೆ."

ಶೈಲೋ ಹದಿನಾಲ್ಕರ ಹುಡುಗಿ, ಪಾಸ್ಟರನಿಗೆ ಸುಳ್ಳು ಹೇಳಿ ಗೊತ್ತಿಲ್ಲ. ಎಲ್ಲ ಹೇಳಬೇಕೆಂದು ಈ ವೃತ್ತದಲ್ಲೇ ಕಲಿತವಳು. ಕಲಿಸಿದವನು ಪಕ್ಕದಲ್ಲೇ ನಿಂತಿದ್ದ. ಅವಳು ತಲೆಯೆತ್ತಿ ಅವನನ್ನು ನೋಡಿದಳು. ಹೇಳಲೇ ಎಂದು ಕೇಳುವ ನೋಟ. ಚೆಂಡು ಯಾರಿಗೆ ಎಸೆಯಲಿ ಎಂದು ಇಡೀ ಪಂದ್ಯದಲ್ಲಿ ಅವಳು ಅವನನ್ನು ಹೀಗೇ ನೋಡಿದ್ದಳು.

"ನೋಡು, ನಿನ್ನ ಕೋಚ್‌ನ ಕೇಳ್ತಿದಾಳೆ," ಎಂದ ಪಾಸ್ಟರ್. "ಹೇಳು ವರ್ಲಿನ್. ಹೇಳಮ್ಮಾ ಅಂತ ಹೇಳು. ನಿನ್ನ ಒಂದು ಮಾತು ಸಾಕು."

ಬಾಗಿಲ ಬಳಿ ಡುವೇನ್ ಬೂಟುಗಳನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿದ.

ವರ್ಲಿನ್ ಶೈಲೋಳ ಕೈ ಬಿಟ್ಟ. ಬಿಟ್ಟ ಕೈಯನ್ನು ಮೇಲಕ್ಕೆ ಎತ್ತಿದ. ಆ ವೃತ್ತದಲ್ಲಿ ಹಾಗೆ ಕೈ ಎತ್ತಿದ ಪ್ರತಿ ಹುಡುಗಿಯನ್ನೂ ಅವನು ಗದರಿಸಿದ್ದ. ಎತ್ತಿದ ಕೈ ಅವನಿಗೇ ಬೇರೆಯವರದೆನಿಸಿತು.

"ಹೇಳದ್ದು," ಎಂದ.

ಪಾಸ್ಟರ್ ನಕ್ಕ. ತಾಳ್ಮೆಯ ನಗು. "ನಿನ್ನ ಬೇಡಿಕೆ ಕೇಳ್ತಿಲ್ಲಪ್ಪ ನಾನು. ಹುಡುಗಿಗೆ ಹೇಳು ಅಂತಿದೀನಿ."

"ಕೇಳಿಸ್ತು ಪಾಸ್ಟರ್."

"ವರ್ಲಿನ್. ಸೋಮವಾರದಿಂದ ಈ ಜಿಮ್‌ನ ಬೀಗದಕೈ ನಿನ್ನ ಹತ್ರ ಇರಬೇಕೋ ಬೇಡ್ವೋ ಅನ್ನೋದನ್ನ ಯೋಚನೆ ಮಾಡಿ ಮಾತಾಡು. ಹುಡುಗಿಗೆ ಹೇಳು."

ವರ್ಲಿನ್‌ನ ಕೈ ಮೇಲೇ ಇತ್ತು. ಪಕ್ಕದಲ್ಲಿ, ಅವನ ಮೊಣಕೈಯ ಎತ್ತರಕ್ಕೆ, ಇನ್ನೊಂದು ಸಣ್ಣ ಕೈ ಮೇಲೇಳುತ್ತಿತ್ತು. ಅವನು ಅತ್ತ ತಿರುಗಲಿಲ್ಲ. ಬಾಗಿಲ ಬಳಿ ಕಾಲ್ಚೀಲದಲ್ಲಿ ನಿಂತವನನ್ನೇ ನೋಡುತ್ತ ಉತ್ತರ ಕೊಟ್ಟ.

"ಹೇಳಲ್ಲ."